ಇನ್ನಾಸಪ್ಪನ ಮುಕ್ಕಾಲು ಬಿ.ಎ.

ಪ್ರಶ್ನಾವಳಿಯ ನಾಲ್ಕನೆಯ ಆವೃತ್ತಿ ಜೆರಾಕ್ಸ್ ಮೆಷಿನ್ನಿನಿಂದ ಬಿಸಿಬಿಸಿಯಾಗಿ ಉದುರುತ್ತಿದ್ದಾಗ ಇನ್ನಾಸಪ್ಪನಿಗೆ ಅದಷ್ಟನ್ನೂ ಹಾಗೇ ಎತ್ತಿ ಕಸದ ಡಬ್ಬಿಗೆ ಸುರಿಯಬೇಕು ಅನ್ನಿಸಿತು. ನಾನೂರು ಪ್ರತಿ. ಹೋದ ವಾರ ನಾನೂರು, ಅದರ ಹಿಂದಿನ ವಾರವೂ ನಾನೂರು. ಮೊದಲನೆಯದರಲ್ಲಿ ಹನ್ನೆರಡು ಪ್ರಶ್ನೆಗಳಿದ್ದವು, ಈಗ ಹತ್ತೊಂಬತ್ತಕ್ಕೆ ಬಂದಿದ್ದವು. ಹದಿನೆಂಟನೆಯದು ಹೀಗಿತ್ತು: ಸಂಜೆ ವಿಭಾಗವನ್ನು ಮುಚ್ಚಿದರೆ ನಿಮಗೆ ಏನನ್ನಿಸುತ್ತದೆ?

ಏನನ್ನಿಸುತ್ತದೆ! ಮನೆಗೆ ಬೆಂಕಿ ಬಿದ್ದು ಅಂಗಳದಲ್ಲಿ ಬಾಯಿ ಬಡಿದುಕೊಳ್ಳುತ್ತಿರುವವನ ಮುಂದೆ ನಿಂತು, ಅಯ್ಯಾ, ನಿನಗೆ ಸ್ವಲ್ಪ ಸೆಕೆ ಆಗುತ್ತಿದೆಯಾ ಎಂದು ಕೇಳಿದ ಹಾಗೆ.

ಅದು ೧೯೯೦ರ ಮಾರ್ಚ್ ತಿಂಗಳು. ನ್ಯೂಜೆರ್ಸಿಯಲ್ಲಿ, ಎಡಿಸನ್ನಿನಿಂದ ಕಾರಿನಲ್ಲಿ ಇಪ್ಪತ್ತೈದು ನಿಮಿಷ ದೂರವಿದ್ದ ಒಂದು ಸಣ್ಣ ಕ್ಯಾಥೊಲಿಕ್ ಕಾಲೇಜಿನ ನೆಲಮಾಳಿಗೆಯಲ್ಲಿ ಇನ್ನಾಸಪ್ಪ ಹನ್ನೊಂದು ವರ್ಷದಿಂದ ಕಾಪಿ ರೂಮು ನೋಡಿಕೊಳ್ಳುತ್ತಿದ್ದ. ಪ್ರೊಫೆಸರುಗಳ ಪಾಠದ ಟಿಪ್ಪಣಿ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಭಾನುವಾರದ ಪೂಜೆಯ ಹಾಡಿನ ಹಾಳೆ, ಎಲ್ಲವೂ ಅವನ ಕೈಯಿಂದಲೇ ಹೊರಬೀಳಬೇಕು. ಹಗಲಲ್ಲಿ ಅದು. ವಾರಕ್ಕೆ ಮೂರು ದಿನ ಸಂಜೆ ಆರೂವರೆಗೆ ಕೈಯ ಮಸಿ ತೊಳೆದುಕೊಂಡು ಮೆಟ್ಟಿಲು ಹತ್ತಿ, ಅದೇ ಕಾಲೇಜಿನ ಸಂಜೆ ವಿಭಾಗದ ಬೆಂಚಿನ ಮೇಲೆ ಕೂತು ಬಿ.ಎ. ಓದುತ್ತಿದ್ದ. ವಯಸ್ಸು ನಲವತ್ತಾರು. ಡಿಗ್ರಿಗೆ ಇನ್ನು ಎರಡೇ ಎರಡು ಕೋರ್ಸು ಬಾಕಿ.

ಅಷ್ಟರಲ್ಲಿ ಡೀನ್ ಸಾಹೇಬರು ಕಾಲೇಜಿನ ಸೆನೆಟ್ಟಿಗೆ ಒಂದು ಪ್ರಸ್ತಾಪ ತಂದಿದ್ದರು. ಖರ್ಚು ಹೆಚ್ಚಾಯಿತು, ಬರುವ ಜೂನ್‌ನಿಂದ ಸಂಜೆ ವಿಭಾಗ ಬಂದ್. ಏಪ್ರಿಲ್ ಹತ್ತರ ಮಂಗಳವಾರ ಮತದಾನ.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಇನ್ನಾಸಪ್ಪ ಆ ನಾನೂರು ಹಾಳೆಗಳನ್ನು ತೋಳಿನಲ್ಲಿ ತಬ್ಬಿಕೊಂಡು, ಮುಚ್ಚುವುದನ್ನು ತಡೆಯಲೆಂದು ಆ ಪ್ರಶ್ನಾವಳಿ ಹೊರಡಿಸುತ್ತಿದ್ದ ಕ್ಯಾಥೊಲಿಕ್ ವಿದ್ಯಾರ್ಥಿ ಕೂಟದ ಸಭೆಗೆ ಹೋದ. ಹದಿನಾಲ್ಕು ಮಂದಿ ಹುಡುಗ ಹುಡುಗಿಯರು ದುಂಡಗೆ ಕೂತಿದ್ದರು. ನಡುವೆ ಒಂದು ಮೇಣದ ಬತ್ತಿ. ಅವರಲ್ಲೊಬ್ಬಳು ಅವನ ಮಗಳೇ, ಎರಡನೇ ವರ್ಷದ ರೆಜಿನಾ, ಮನೆಯಲ್ಲಿ ರೇಣು. ಮುಂದಾಳು ಕೆವಿನ್ ಎಂಬ ಕೆಂಪು ಕೂದಲಿನ ಉದ್ದ ಹುಡುಗ. ಸೆನೆಟ್ಟಿನಲ್ಲಿ ವಿದ್ಯಾರ್ಥಿಗಳಿಗಿರುವ ಒಂದೇ ಒಂದು ಕುರ್ಚಿಯಲ್ಲಿ ಆ ವರ್ಷ ಕೂರುತ್ತಿದ್ದವನು ಅವನೇ. ಒಳ್ಳೆಯ ಹುಡುಗ. ಅಷ್ಟು ಒಳ್ಳೆಯವನಾಗಿರದಿದ್ದರೆ ಏನಾದರೂ ಕೆಲಸ ಮಾಡುತ್ತಿದ್ದನೋ ಏನೋ.

"ಸಂಜೆ ವಿದ್ಯಾರ್ಥಿಗಳು ಈ ವಾರವೂ ಬಂದಿಲ್ಲ. ನಾವು ಅವರ ಮಾತು ಕೇಳಬೇಕು ಅಂತಲೇ ಇಲ್ಲಿ ಕೂತಿದೀವಿ, ಅವರು ಯಾಕೆ ಬರ್ತಿಲ್ಲ ಅನ್ನೋದೇ ನನ್ನನ್ನ ಕಾಡ್ತಿದೆ," ಎಂದ ಕೆವಿನ್, ನಿಜಕ್ಕೂ ನೊಂದ ದನಿಯಲ್ಲಿ.

ಇನ್ನಾಸಪ್ಪ ಗೋಡೆಯ ಗಡಿಯಾರ ನೋಡಿದ. ಮೂರು ಗಂಟೆ ಹತ್ತು ನಿಮಿಷ. ಅವನ ತರಗತಿಯ ಬೇಕರಿಯವಳು ಈ ಹೊತ್ತಿಗೆ ಹಿಟ್ಟು ನಾದುತ್ತಿರುತ್ತಾಳೆ. ಬಸ್ಸಿನ ಡ್ರೈವರ್ ಬಸ್ಸು ಓಡಿಸುತ್ತಿರುತ್ತಾನೆ.

"ಕೆವಿನ್, ಅವರೆಲ್ಲ ಕೆಲಸದಲ್ಲಿ ಇರ್ತಾರಪ್ಪ. ಅದಕ್ಕೇ ಅದನ್ನ ಸಂಜೆ ಕಾಲೇಜು ಅನ್ನೋದು."

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಒಬ್ಬಳು ಅದನ್ನು ಬರೆದುಕೊಂಡಳು. ಮುಂದಿನ ಸಭೆ ಯಾವಾಗ ಎಂದು ತೀರ್ಮಾನವಾಯಿತು: ಬುಧವಾರ, ಮೂರು ಗಂಟೆಗೆ.

ಇನ್ನಾಸಪ್ಪನಿಗೆ ಈ ಕೂಟದ ಪದ್ಧತಿ ಹೊಸದೇನೂ ಅಲ್ಲ. ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ. ನೋಡು, ತೂಗು, ಮಾಡು. ಮೊದಲು ಅನ್ಯಾಯವನ್ನು ಕಣ್ಣಾರೆ ನೋಡು, ಆಮೇಲೆ ಸುವಾರ್ತೆಯ ತಕ್ಕಡಿಯಲ್ಲಿಟ್ಟು ತೂಗು, ಆಮೇಲೆ ಕೈ ಹಾಕು. ಇದನ್ನು ಅವನು ಕಲಿತದ್ದು ೧೯೬೫ರಲ್ಲಿ, ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿ. ಕನಕಪುರದ ಆಚೆ ಹಾರೋಬೆಲೆಯ ಹುಡುಗ. ಅಪ್ಪ ಚೌರಪ್ಪ ರೇಷ್ಮೆಹುಳ ಸಾಕಿಕೊಂಡು, ಚರ್ಚಿನ ಗಂಟೆ ಹೊಡೆದುಕೊಂಡು ಇದ್ದವನು. ಇನ್ನಾಸಪ್ಪ ಊರಿನ ಚರ್ಚಿನ ಸ್ವಾಮಿಗಳ ಚೀಟಿ ಹಿಡಿದು ಬಂದು ಫಾದರುಗಳ ಕಾಲೇಜಿಗೆ ಸೇರಿದ್ದ. ಹಾಸ್ಟೆಲಿಗೆ ಬೆಲ್ಜಿಯಮ್ಮಿನ ಒಬ್ಬ ವಯಸ್ಸಾದ ಪಾದ್ರಿ ಬರುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ ತಮ್ಮ ಕಡೆಯ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳ ಬಾಗಿಲು ಬಡಿದ ಕತೆಯನ್ನು ಹರಕು ಮುರುಕು ಕನ್ನಡದಲ್ಲಿ ಹೇಳುತ್ತಿದ್ದರು. ವಿದ್ಯಾರ್ಥಿ ಅಂದರೆ ಸಾಹೇಬರ ಮಗ ಅಲ್ಲ, ತಲೆಯಲ್ಲಿ ದುಡಿಯುವ ಕೂಲಿ. ಕೂಲಿಗೆ ಸಂಘ ಬೇಕು, ಆಡಳಿತದಲ್ಲಿ ಕುರ್ಚಿ ಬೇಕು. ಕೂಲಿಯವನ ಮಕ್ಕಳು ಒಳಗೆ ಬರಬೇಕು ಎನ್ನುತ್ತಿದ್ದರು.

ಇನ್ನಾಸಪ್ಪ ಅದನ್ನು ನಂಬಿಬಿಟ್ಟ. ನೋಡಿದ, ಒಂದೇ ದಿನದಲ್ಲಿ ತೂಗಿದ, ಮಾಡಿದ. ವಿದ್ಯಾರ್ಥಿ ಸಂಘ ಬೇಕೆಂದು ಕರಪತ್ರ ಬರೆದು, ಸೈಕ್ಲೋಸ್ಟೈಲ್ ಮೆಷಿನ್ನಿನ ಹಿಡಿ ತಿರುಗಿಸಿ ಐನೂರು ಹಾಳೆ ತೆಗೆದ. ಒಂಬತ್ತು ದಿನ ಮುಷ್ಕರ. ಹತ್ತನೆಯ ದಿನ, ಕೊನೆಯ ವರ್ಷದ ಪರೀಕ್ಷೆಗೆ ಮೂರು ತಿಂಗಳಿದ್ದಾಗ, ಅವನ ಟ್ರಂಕು ಹಾಸ್ಟೆಲಿನ ಗೇಟಿನಾಚೆ ಬಿದ್ದಿತ್ತು. ಬೆಲ್ಜಿಯಮ್ಮಿನ ಪಾದ್ರಿಗೆ ವರ್ಗವಾಯಿತು. ಸಂಘ ಬೇಕೆಂದು ಕೂಗಿದ ಮಿಕ್ಕವರೆಲ್ಲ ಪರೀಕ್ಷೆ ಬರೆದು ಬ್ಯಾಂಕು ಸೇರಿದರು.

ಅಲ್ಲಿಂದ ಚಿಕ್ಕಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ. ನರ್ಸು ಲೂರ್ದಮ್ಮನ ಜೊತೆ ಮದುವೆ. ನರ್ಸುಗಳನ್ನು ಅಮೆರಿಕ ಕರೆಯಿತು; ಅವಳು ಮೊದಲು ಬಂದಳು, ಎರಡು ವರ್ಷದ ಮೇಲೆ ಗಂಡ ಮಗಳು ಹಿಂದೆ ಬಂದರು. ಅವನು ಒಂದೆರಡು ವರ್ಷ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡಬ್ಬಿ ಎಣಿಸಿ ಕೊನೆಗೆ ಈ ಕಾಪಿ ರೂಮಿಗೆ ಬಂದು ಬಿದ್ದ.

ಇಲ್ಲಿ ಇನ್ನೊಂದು ಎಡವಟ್ಟಾಯಿತು. ನ್ಯೂಜೆರ್ಸಿಯ ಕನ್ನಡಿಗರ ಮನೆಯಲ್ಲಿ ಊಟಕ್ಕೆ ಹೋದರೆ ಚಪ್ಪಲಿ ಬಿಡುವಷ್ಟರಲ್ಲಿ ಮೂರು ಪ್ರಶ್ನೆ ಬರುತ್ತವೆ: ಹೆಸರು, ಊರು, ಡಿಗ್ರಿ. ಎಲ್ಲರೂ ಎಂಜಿನಿಯರು, ಡಾಕ್ಟರು. ೧೯೭೭ರಲ್ಲಿ ಕೆಂಡಲ್ ಪಾರ್ಕಿನ ಗುರುರಾಜ, ಧಾರವಾಡದ ಎಂಜಿನಿಯರು, "ನಿಮ್ದೇನ್ರಿ ಓದು?" ಎಂದು ಕೇಳಿದಾಗ ಇನ್ನಾಸಪ್ಪ "ಬಿ.ಎ." ಎಂದುಬಿಟ್ಟ. ಪೂರ್ತಿ ಸುಳ್ಳಲ್ಲ. ಮುಕ್ಕಾಲು ನಿಜ. ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ಗುರುರಾಜ ಅವನನ್ನು 'ಪ್ರೊಫೆಸರ್' ಎಂದೇ ಕರೆಯತೊಡಗಿದ. ಕನ್ನಡ ಕೂಟಕ್ಕೆ ಅಧ್ಯಕ್ಷನಾದಾಗ ತನ್ನ ಭಾಷಣಗಳನ್ನೆಲ್ಲ ಅವನಿಂದಲೇ ಬರೆಸಿಕೊಂಡ. ಹದಿಮೂರು ವರ್ಷದಿಂದ ಆ ಮುಕ್ಕಾಲು ಬಿ.ಎ. ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡು ಕೂತಿತ್ತು. ಉಳಿದ ಕಾಲನ್ನು ಯಾರಿಗೂ ಗೊತ್ತಾಗದಂತೆ ಮುಗಿಸಿಬಿಡಬೇಕು ಅನ್ನುವುದೊಂದೇ ಅವನ ಆಸೆ. ಮಗಳಿಗೂ ಹೇಳಿರಲಿಲ್ಲ. ಅಪ್ಪ ಖುಷಿಗೆ ಇನ್ನೊಂದು ಬಿ.ಎ. ಓದುತ್ತಿದ್ದಾನೆ ಎಂದುಕೊಂಡಿದ್ದಳು ರೇಣು.

ಮತದಾನಕ್ಕೆ ಹನ್ನೆರಡು ದಿನವಿತ್ತು. ಮಧ್ಯಾಹ್ನದ ಪಾಳಿ ರಜೆ ಹಾಕಿ ಲೂರ್ದಮ್ಮ ಅಡುಗೆಮನೆಯಲ್ಲಿ ಹಂದಿಮಾಂಸಕ್ಕೆ ಮಸಾಲೆ ಅರೆಯುತ್ತಿದ್ದಳು. ರೇಣು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು.

"ವಾಪಸ್ ಬಂದಿದ್ದು ಆರೇ ಆರು ಫಾರ್ಮು, ಡ್ಯಾಡ್. ನಾನೂರರಲ್ಲಿ. ಕೆವಿನ್ ಸೇಸ್ ಒಬ್ಬರಾದ್ರೂ ಅವರ ಓನ್ ಸ್ಟೋರಿ ಹೇಳೋವರೆಗೂ ತೂಗೋ ಸ್ಟೆಪ್‌ಗೆ ವಿ ಕಾಂಟ್ ಮೂವ್."

"ಅಲ್ಲ ಕಣವ್ವ, ಮನೆ ಉರೀತಾ ಅದೆ, ನೀವಿನ್ನೂ ನೋಡೋದ್ರಲ್ಲೇ ಇದ್ದೀರ. ತೂಗೋದ್ಯಾವಾಗ, ಮಾಡೋದ್ಯಾವಾಗ?"

"ಇಟ್ಸ್ ಎ ಪ್ರೊಸೆಸ್, ಡ್ಯಾಡ್."

"ಪ್ರೊಸೆಸ್ಸಂತೆ! ನಿಮ್ಮ ಪ್ರೊಸೆಸ್ಸು ಮುಗಿಯೋವತ್ಗೆ ನಮ್ಮ ಕ್ಲಾಸಿದ್ದ ಕಡೆ ಕಾರ್ ಪಾರ್ಕಿಂಗ್ ಮಾಡಿರ್ತಾರೆ."

"ನಿಂಗೆ ಯಾಕೆ ಇಷ್ಟು ಕೋಪ? ನಿನ್ ಹತ್ರ ಆಲ್ರೆಡಿ ಡಿಗ್ರಿ ಇದೆಯಲ್ಲ!"

ಮಿಕ್ಸಿ ನಿಂತಿತು. ಲೂರ್ದಮ್ಮ ಗಂಡನ ಕಡೆ ತಿರುಗಿದಳು. ಆಸ್ಪತ್ರೆಯಲ್ಲಿ ಡಾಕ್ಟರುಗಳನ್ನೇ ಗದರಿಸುವ ಹೆಂಗಸು.

"ನೀವಾಗಿ ಹೇಳ್ತೀರೋ, ನಾನೇ ಹೇಳ್ಲೋ?"

"ಸುಮ್ನಿರು ಲೂರ್ದು."

"ಇಪ್ಪತ್ತು ವರ್ಷದಿಂದ ಸುಮ್ನೆ ಇವ್ನಿ. ರೇಣು, ಕತೆ ಹೇಳೋರು ಸಿಗಲಿಲ್ಲ ಅಂತೀಯಲ್ಲ, ಇಲ್ಲೇ ಕೂತವ್ರೆ ನೋಡು ನಿಮ್ಮಪ್ಪ. ಡಿಗ್ರಿನೂ ಇಲ್ಲ, ಮಣ್ಣೂ ಇಲ್ಲ. ಸ್ಟ್ರೈಕ್ ಮಾಡಿ ಓಡಿಸ್ಕೊಂಡು ಬಂದೋರು."

ರೇಣು ಮೇಜಿನಿಂದ ತಲೆಯೆತ್ತಿದಳು. ಅವಳು ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

"ಅಂದ್ರೆ ಮೂರು ವಾರ ನೀನು ಅಲ್ಲಿ ಬಂದು ಗೋಡೆ ಹತ್ರ ನಿಂತ್ಕೊಂಡು ನಮಗೆ ಬೈತಾ ಇದ್ದೆ, ಅಂಡ್ ಯು ನೆವರ್ ಸೆಡ್ ಎ ವರ್ಡ್? ನೀನೂ ಫಾರ್ಮ್ ಫಿಲ್ ಮಾಡಿಲ್ಲ, ಅಲ್ವಾ?"

ಅವನು ಫಾರ್ಮು ತುಂಬಿರಲಿಲ್ಲ. ಸಾವಿರದಾರುನೂರು ಫಾರ್ಮು ಮುದ್ರಿಸಿ ಒಂದನ್ನೂ ತುಂಬಿರಲಿಲ್ಲ.

ಮುಂದಿನ ಬುಧವಾರ ಅವನು ಗೋಡೆಯ ಹತ್ತಿರ ನಿಲ್ಲಲಿಲ್ಲ. ವೃತ್ತದೊಳಗೆ ಒಂದು ಕುರ್ಚಿ ಎಳೆದುಕೊಂಡು ಕೂತು, ಹಾರೋಬೆಲೆಯಿಂದ ಹಿಡಿದು ಗೇಟಿನಾಚೆ ಬಿದ್ದ ಟ್ರಂಕಿನವರೆಗೆ ಎಲ್ಲ ಹೇಳಿದ. ಮಕ್ಕಳು ಕಣ್ಣೊರೆಸಿಕೊಂಡರು. ಆಮೇಲೆ ಕರಪತ್ರ ಬರೆಯಲು ಕೂತರು. ಮುಕ್ಕಾಲು ಗಂಟೆ ಕಳೆಯಿತು. ಒಬ್ಬನಿಗೆ ದಕ್ಷಿಣ ಆಫ್ರಿಕದ ವರ್ಣಭೇದದ ವಿಷಯವೂ ಅದರಲ್ಲಿ ಬರಬೇಕು. ಒಬ್ಬಳಿಗೆ ಡೀನ್ ಅವರ ಮನಸ್ಸು ನೋಯಬಾರದು. ಕೆವಿನ್ ಹೇಳಿದ, "ನಾವೆಲ್ಲ ಒಂದೇ ಮನಸ್ಸಿಗೆ ಬರದೆ ಏನೂ ಹೊರಡಿಸಬಾರದು. ಇನ್ನೊಂದು ವಾರ ಪ್ರಾರ್ಥನೆ ಮಾಡೋಣ."

"ಮತದಾನ ಮಂಗಳವಾರ ಕಣಪ್ಪಾ," ಎಂದ ಇನ್ನಾಸಪ್ಪ.

"ಗೊತ್ತು. ಆದ್ರೆ ಅವಸರದಲ್ಲಿ ತೂಗಿದರೆ ತಪ್ಪು ತೂಕ ಬರುತ್ತೆ ಅಲ್ವಾ, ಮಿಸ್ಟರ್ ಇನ್ನಾಸ್?"

ಇನ್ನಾಸಪ್ಪ ಎದ್ದು ಮೆಟ್ಟಿಲಿಳಿದು ಕಾಪಿ ರೂಮಿಗೆ ಬಂದ. ಬೀರುವಿನ ಮೇಲಿನ ಧೂಳು ಹಿಡಿದ ಕಪ್ಪು ಬೈಂಡರು ಇಳಿಸಿದ. ಕಾಪಿ ರೂಮಿನ ನಿಯಮಾವಳಿ. ಇಲಾಖೆಯ ಮುಖ್ಯಸ್ಥರ ಸಹಿ ಇಲ್ಲದೆ ಒಂದು ಹಾಳೆಯನ್ನೂ ಮುದ್ರಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ನಿಯಮ. ಹನ್ನೆರಡನೆಯ ಪುಟದ್ದು ಮಾತ್ರ ಅವನೊಬ್ಬನಿಗೇ ಗೊತ್ತಿತ್ತು: ನೋಂದಾಯಿತ ವಿದ್ಯಾರ್ಥಿ ಯಾರೇ ಆದರೂ ವರ್ಷಕ್ಕೊಂದು ಸಲ ತನ್ನ ಹೆಸರು ಹಾಕಿದ ಒಂದು ಹಾಳೆಯನ್ನು, ಮುನ್ನೂರು ಪ್ರತಿಯವರೆಗೆ, ಯಾರ ಅಪ್ಪಣೆಯೂ ಇಲ್ಲದೆ ಮುದ್ರಿಸಿಕೊಳ್ಳಬಹುದು. ೧೯೬೯ರ ವಿದ್ಯಾರ್ಥಿ ಚಳವಳಿಯಲ್ಲಿ ಸೆನೆಟ್ಟಿನ ಕುರ್ಚಿಯ ಜೊತೆ ಕಿತ್ತುಕೊಂಡ ಹಕ್ಕು. ಹನ್ನೊಂದು ವರ್ಷದಲ್ಲಿ ಒಬ್ಬ ಮಗನೂ ಅದನ್ನು ಕೇಳಿಕೊಂಡು ಬಂದಿರಲಿಲ್ಲ.

ಇನ್ನಾಸಪ್ಪ ನೋಂದಾಯಿತ ವಿದ್ಯಾರ್ಥಿ. ಅವನ ಬಳಿ ಕಾರ್ಡಿತ್ತು.

ಹಾಳೆಯಲ್ಲಿ ಹೀಗಿತ್ತು: "ನನ್ನ ಹೆಸರು ಇನ್ನಾಸಪ್ಪ. ನಿಮ್ಮ ಪರೀಕ್ಷೆಯ ಪತ್ರಿಕೆಗಳನ್ನು ಮುದ್ರಿಸುವವನು ನಾನೇ. ನಾನು ಬರೆಯುವ ಪರೀಕ್ಷೆಯ ಪತ್ರಿಕೆಯನ್ನು ಮಾತ್ರ ಗ್ರಂಥಾಲಯದ ಮೆಷಿನ್ನಿನಲ್ಲಿ ಮಾಡಿಸುತ್ತಾರೆ, ಅದು ಸರಿಯೇ. ಇಪ್ಪತ್ತೈದು ವರ್ಷದ ಹಿಂದೆ ವಿದ್ಯಾರ್ಥಿಗಳಿಗೆ ಸಂಘ ಬೇಕು ಎಂದದ್ದಕ್ಕೆ ಒಂದು ಕಾಲೇಜು ನನ್ನನ್ನು ಓಡಿಸಿತು. ಅದೂ ಫಾದರುಗಳದ್ದೇ. ಬಿ.ಎ. ಆಗಿದೆ ಎಂದು ಸ್ನೇಹಿತರಿಗೆ ಸುಳ್ಳು ಹೇಳಿಕೊಂಡು ಬದುಕಿದ್ದೇನೆ. ನನ್ನ ತರಗತಿಯಲ್ಲಿ ಬೇಕರಿಯವಳಿದ್ದಾಳೆ, ಬಸ್ಸಿನ ಡ್ರೈವರ್ ಇದ್ದಾನೆ. ಹಗಲಲ್ಲಿ ಬನ್ನಿ ಎಂದರೆ ನಾವು ಬರುವುದಕ್ಕಾಗುವುದಿಲ್ಲ. ಹಗಲಲ್ಲಿ ನಿಮ್ಮ ರೊಟ್ಟಿ ಸುಡುತ್ತಿರುತ್ತೇವೆ. ಒಬ್ಬನನ್ನೇ ಎರಡು ಸಲ ಓಡಿಸಬೇಡಿ."

ಮುನ್ನೂರು ಹಾಳೆ. ಶುಕ್ರವಾರ ಮಧ್ಯಾಹ್ನ ರೇಣು ಮತ್ತು ಅವಳ ಇಬ್ಬರು ಗೆಳತಿಯರು ಅವನ್ನು ಪ್ರೊಫೆಸರುಗಳ ಪತ್ರದ ಗೂಡುಗಳಿಗೆ ತುರುಕಿ, ಉಳಿದವನ್ನು ಪಾರ್ಕಿಂಗ್ ಲಾಟಿನ ಪ್ರತಿ ಕಾರಿನ ವೈಪರಿಗೂ ಸಿಕ್ಕಿಸಿ ಬಂದರು.

ಮೂರೂವರೆಗೆ ಡೀನ್ ಹ್ಯಾಲರನ್ ನೆಲಮಾಳಿಗೆಗೆ ಇಳಿದು ಬಂದರು. ಕೈಯಲ್ಲಿ ಹಾಳೆ. ಮುಖ ಕೆಂಪಗೆ.

"ಇಗ್ನೇಷಿಯಸ್," ಎಂದರು, ಇನ್ನಾಸಪ್ಪನ ಕಾಗದಪತ್ರದ ಹೆಸರು ಹಿಡಿದು. "ಇದಕ್ಕೆ ಅಪ್ಪಣೆ ಕೊಟ್ಟವರು ಯಾರು?"

"ನೀವೇ ಸರ್," ಎಂದು ಇನ್ನಾಸಪ್ಪ ಬೈಂಡರನ್ನು ಮೇಜಿನ ಮೇಲೆ ತೆರೆದಿಟ್ಟ. ಹನ್ನೆರಡನೆಯ ಪುಟದ ಕೆಳಗೆ ಕಾಲೇಜಿನ ಅಂದಿನ ಅಧ್ಯಕ್ಷರ ಸಹಿ. ಅದರ ಪಕ್ಕದಲ್ಲಿ ವಿದ್ಯಾರ್ಥಿಗಳ ಪರವಾಗಿ, ಉದ್ದ ಬಾಲದ ಇನ್ನೊಂದು ಸಹಿ: ಹ್ಯಾಲರನ್.

ಇಪ್ಪತ್ತೊಂದು ವರ್ಷದ ಹಿಂದೆ ಇದೇ ಹ್ಯಾಲರನ್ ಮೂರು ದಿನ ಅಧ್ಯಕ್ಷರ ಕೋಣೆಯ ಮುಂದೆ ನೆಲದ ಮೇಲೆ ಮಲಗಿದ್ದ ವಿದ್ಯಾರ್ಥಿ ನಾಯಕ. ಈ ಸಂಜೆ ವಿಭಾಗವೂ ಆಗ ಕೇಳಿ ಪಡೆದದ್ದೇ. ಡೀನ್ ತಮ್ಮ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಆಗ ಖರ್ಚು ವೆಚ್ಚ ಅಂದರೇನು ಅಂತ ನಮಗೆ ಗೊತ್ತಿರಲಿಲ್ಲ," ಎಂದರು.

"ಬೇರೆ ಏನೋ ಗೊತ್ತಿತ್ತಲ್ಲ ಸರ್, ಅದು ಎಲ್ಲಿ ಹೋಯ್ತು?"

ಡೀನ್ ಬೈಂಡರು ಮುಚ್ಚಿ, ಮೆಟ್ಟಿಲು ಹತ್ತಿ ಹೋದರು.

ಅವತ್ತು ಇನ್ನಾಸಪ್ಪನ ಕಾರು ಗ್ಯಾರೇಜಿನಲ್ಲಿತ್ತು. ಕರೆದುಕೊಂಡು ಹೋಗಲು ಗುರುರಾಜನೇ ಬಂದು ಲಾಟಿನಲ್ಲಿ ಕಾಯುತ್ತಿದ್ದ. ಇನ್ನಾಸಪ್ಪ ಹೊರಗೆ ಬಂದಾಗ ಸ್ಟೀರಿಂಗಿನ ಮೇಲೆ ಹಾಳೆ ಹರಡಿಕೊಂಡು ಓದುತ್ತಿದ್ದ. ಆ ದರಿದ್ರ ಮಕ್ಕಳು ಅವನ ಕಾರನ್ನೂ ಬಿಟ್ಟಿರಲಿಲ್ಲ.

ರೂಟ್ ಒಂದು ಹೆದ್ದಾರಿಯಲ್ಲಿ ಎರಡು ಸಿಗ್ನಲ್ ದಾಟಿದ ಮೇಲೆ ಗುರುರಾಜ ಕೇಳಿದ.

"ಹದಿಮೂರು ವರ್ಷ, ಪ್ರೊಫೆಸರ?"

"ಹೂಂ."

"ಬಿ.ಎ. ಪಾಸಾಗದವನ ಕಡಿಂದ ನನ್ನ ಅಧ್ಯಕ್ಷ ಭಾಷಣ ಎಲ್ಲಾ ಬರಸ್ಕೊಂಡ್ನೆಲ್ಲೋ ಮಾರಾಯಾ!"

"ಚಪ್ಪಾಳೆ ಬಿತ್ತೋ ಇಲ್ವೋ?"

"ಬಿತ್ತು. ಅದಽ ತ್ರಾಸು." ಇನ್ನೊಂದು ಸಿಗ್ನಲ್ ಬಂತು. "ನನಗೊಂದು ಮಾತು ಹೇಳಿದ್ರ ಏನ್ ಗಂಟ ಹೋಗ್ತಿತ್ತೋ ನಿಂದು? ನಾನೇನ್ ನಿನ್ನ ಸರ್ಟಿಫಿಕೇಟ್ ಕೇಳಿ ಊಟಕ್ಕ ಕರದಿದ್ನೇನು?"

"ನೀನು ಕೇಳಿದ್ದೆ ಕಣಯ್ಯ. ಚಪ್ಪಲಿ ಬಿಡೋಕ್ ಮುಂಚೆ ಕೇಳಿದ್ದೆ."

ಗುರುರಾಜ ತಿರುಗಿ ನೋಡಿದ, ಮತ್ತೆ ರಸ್ತೆಯ ಕಡೆ ನೋಡಿದ. ಭಾನುವಾರದ ಹೊತ್ತಿಗೆ ಎಡಿಸನ್‌ನಿಂದ ವೆಸ್ಟ್ ವಿಂಡ್ಸರ್‌ವರೆಗೆ ಸುದ್ದಿ ಮುಟ್ಟಿತ್ತು. ಮುಟ್ಟಿಸಿದವಳು ಗುರುರಾಜನ ಹೆಂಡತಿ.

ಮಂಗಳವಾರ ಸೆನೆಟ್ ಸೇರಿತು. ಇನ್ನಾಸಪ್ಪ, ಬೇಕರಿಯವಳು, ಡ್ರೈವರ್, ಇನ್ನೂ ಮೂವತ್ತು ಜನ ಸಂಜೆ ವಿದ್ಯಾರ್ಥಿಗಳು ಕೆಲಸ ತಪ್ಪಿಸಿ ಹಿಂದಿನ ಸಾಲಿನಲ್ಲಿ ಕೂತರು. ಹಾಳೆ ಕೆಲಸ ಮಾಡಿತ್ತು. ಹೋದ ವಾರ ಡೀನ್ ಕಡೆಗಿದ್ದ ಐದಾರು ಪ್ರೊಫೆಸರುಗಳು ಎದ್ದು ನಿಂತು ಮುಚ್ಚಬಾರದು ಎಂದರು. ಸೆನೆಟ್ಟಿನಲ್ಲಿ ಇಪ್ಪತ್ತೆರಡು ಮತ. ಸಮ ಬಂದರೆ ಪ್ರಸ್ತಾಪ ಬಿದ್ದುಹೋಗುತ್ತದೆ. ಕೈ ಎಣಿಸಿದರು. ಮುಚ್ಚಬೇಕು, ಹನ್ನೊಂದು. ಬೇಡ, ಹತ್ತು.

ಕೆವಿನ್ ಕೈ ಎತ್ತಲಿಲ್ಲ.

"ತಟಸ್ಥ," ಎಂದ ಕೆವಿನ್, ಮುಖ ಬಿಳಿಚಿಕೊಂಡು. "ನಮ್ಮ ಕೂಟ ಇನ್ನೂ ತೂಗಿ ಮುಗಿಸಿಲ್ಲ. ಅವರ ಒಮ್ಮತ ಇಲ್ಲದೆ ಮತ ಹಾಕೋ ಹಕ್ಕು ನನಗಿಲ್ಲ."

"ಕೈ ಎತ್ತೋ, ಮುಂಡೇದೇ!" ಎಂದು ಇನ್ನಾಸಪ್ಪ ಕನ್ನಡದಲ್ಲೇ ಕೂಗಿದ. ಆ ಕೋಣೆಯಲ್ಲಿ ಅದು ಅರ್ಥವಾದದ್ದು ಅವನ ಮಗಳೊಬ್ಬಳಿಗೆ. ಅವಳೂ ಕೂಗಿದಳು, ಕನ್ನಡದಲ್ಲೇ. ಅಷ್ಟರಲ್ಲಿ ಪ್ರಸ್ತಾಪ ಪಾಸೆಂದು ಸುತ್ತಿಗೆ ಬಿದ್ದಾಗಿತ್ತು.

ಡೀನ್ ಎದ್ದು ನಿಂತರು. ಹಿಂದಿನ ಸಾಲಿನ ಕಡೆ ನೋಡದೆ ಒಂದು ತಿದ್ದುಪಡಿ ಓದಿದರು: ಈಗಾಗಲೇ ಸೇರಿರುವವರಿಗೆ ಮುಗಿಸಲು ಇನ್ನೊಂದು ವರ್ಷ ಅವಕಾಶ. ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಇದು ಮಾತ್ರ ಒಮ್ಮತದಿಂದ ಪಾಸಾಯಿತು. ಕೆವಿನ್ ಕೂಡ ಕೈ ಎತ್ತಿದ.

ಅಂದರೆ ಇನ್ನಾಸಪ್ಪನಿಗೆ ಡಿಗ್ರಿ ಸಿಗುತ್ತದೆ. ಬಾಗಿಲಲ್ಲಿ ನಿಂತವನನ್ನು ಒಳಗೆ ಎಳೆದುಕೊಂಡು, ಅವನ ಬೆನ್ನ ಹಿಂದೆಯೇ ಚಿಲಕ ಹಾಕಿದರು. ಬೇಕರಿಯವಳ ತಂಗಿ ಸೆಪ್ಟೆಂಬರಿನಲ್ಲಿ ಸೇರಬೇಕೆಂದಿದ್ದಳು.

"ತಗೋತೀಯಾ?" ಎಂದು ಕಾರಿನಲ್ಲಿ ರೇಣು ಕೇಳಿದಳು. "ಇಷ್ಟಾದ ಮೇಲೂ, ಡಿಗ್ರಿ?"

"ತಗೋತೀನಿ ಕಣವ್ವ. ಬಿಟ್ಟು ತ್ಯಾಗ ಮಾಡೋಕೆ ನಾನೇನು ಸಂತನಾ? ಕಾಗದ ಜೇಬಲ್ಲಿ ಇಟ್ಕೊಂಡೇ ಜಗಳಾಡ್ತೀನಿ. ಹೋದ ಸಲ ಖಾಲಿ ಜೇಬಲ್ಲಿ ಆಡಿ ಸಾಕಾಗೋಗಿದೆ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೆವಿನ್ ಕಾಪಿ ರೂಮಿನ ಬಾಗಿಲಲ್ಲಿ ನಿಂತ. ಕಣ್ಣು ಊದಿಕೊಂಡಿದ್ದವು. ಕೈಯಲ್ಲೊಂದು ಹಾಳೆ.

"ಮಿಸ್ಟರ್ ಇನ್ನಾಸ್, ನಾನು ತಪ್ಪು ಮಾಡಿದೆ ಅನ್ಸುತ್ತೆ. ಏನಾಯ್ತು ಅಂತ ನಾವೆಲ್ಲ ಕೂತು ಪರಿಶೀಲಿಸಬೇಕು. ಒಂದು ಪ್ರಶ್ನಾವಳಿ ಮಾಡಿದೀನಿ. ನಾನೂರು ಪ್ರತಿ..."

ಇನ್ನಾಸಪ್ಪ ಹಾಳೆ ಇಸಿದುಕೊಂಡ. ಇಪ್ಪತ್ತೆರಡು ಪ್ರಶ್ನೆ. ಅವನಿಗೆ ಬೈಯಲು ಬಾಯಿ ಬಂತು, ಆದರೆ ಸುಸ್ತಾಗಿತ್ತು.

"ಸಭೆ ಯಾವಾಗ?"

"ಬರೋ ಬುಧವಾರ. ಮೂರು ಗಂಟೆಗೆ."

ಇನ್ನಾಸಪ್ಪ ಕೈ ಚಾಚಿ ಮೆಷಿನ್ನಿನ ಸ್ವಿಚ್ ಆರಿಸಿದ.

"ಆರು ಗಂಟೆ ಅಂತ ಮಾಡು. ಕ್ಲಾಸಿಗೆ ಮುಂಚೆ ಅರ್ಧ ಗಂಟೆ ಎಲ್ಲರೂ ಇರ್ತಾರೆ. ಹಾಗಾದ್ರೆ ಮುದ್ರಿಸ್ತೀನಿ."

"ಅದನ್ನ ಕೂಟದಲ್ಲಿ ಚರ್ಚೆ ಮಾಡ್ಬೇಕಾಗುತ್ತೆ."

"ಮಾಡ್ಕೊಂಡು ಬಾ. ಅಲ್ಲೀವರೆಗೂ ಮೆಷಿನ್ನು ಕೆಟ್ಟಿರುತ್ತೆ."

ಕೆವಿನ್ ಕೆಟ್ಟಿಲ್ಲದ ಮೆಷಿನ್ನನ್ನು ನೋಡಿದ, ಇನ್ನಾಸಪ್ಪನ ಮುಖ ನೋಡಿದ, ಹೋದ. ಆ ವಾರ ಮುಗಿಯುವವರೆಗೆ ಬರಲಿಲ್ಲ. ಸೋಮವಾರ ಬಂದು, ಆರು ಗಂಟೆಗೆ ಒಪ್ಪಿಗೆಯಾಗಿದೆ, ಆದರೆ ಸದ್ಯಕ್ಕೆ ಪ್ರಾಯೋಗಿಕವಾಗಿ ಮಾತ್ರ ಎಂದ. ಇನ್ನಾಸಪ್ಪ ಗೊಣಗುತ್ತ ಸ್ವಿಚ್ ಹಾಕಿದ. ಮೊದಲು ಹೊರಬಿದ್ದ ಹಾಳೆಯನ್ನು ತಾನೇ ಎತ್ತಿಕೊಂಡು, ಕಿವಿಯ ಸಂದಿಯ ಪೆನ್ನು ತೆಗೆದು, ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯಲು ಕೂತ.